ತಮ್ಮ ಲಡಾಖಿಗೆ ಹೊರಟಿದ್ದಾನೆ, ಕಣ್ಣಿಗೆ ಯಾವ ಚಷ್ಮಾ ಕೊಡಿಸಲಿ?

ಬೈಲಹೊಂಗಲದ ಅಣ್ಣ

ನಮಸ್ಕಾರ ರೀ ಎಲ್ಲರಿಗೂ. ನನ್ನ ತಮ್ಮ ಫೌಜಿನಲ್ಲಿದ್ದಾನೆ. ಬೆಳಗಾವಿಯ ಮರಾಠಾ ಸೆಂಟರ್‌ನಲ್ಲೇ ಟ್ರೇನಿಂಗ್ ಮುಗಿಸಿದವನು. ಇಷ್ಟು ದಿನ ಬಯಲಿನಲ್ಲಿದ್ದ, ಈಗ ಲಡಾಖ್ ಕಡೆ ಹೋಗಬೇಕಾಗಿದೆ. ಸೂಟಿ ಮೇಲೆ ಊರಿಗೆ ಬಂದಿದ್ದಾನೆ, ಹೋಗುವಾಗ ಅಣ್ಣನ ಕಡೆಯಿಂದ ಏನಾದರೂ ಕೆಲಸಕ್ಕೆ ಬರುವ ವಸ್ತು ಕೊಡಿಸೋಣ ಅಂತ ನನ್ನ ಆಸೆ.

ಭರ್ತಿ ಆದಾಗ ಅವನ ಕಣ್ಣು ಸರಿಯಾಗಿತ್ತು. ಎರಡು ವರ್ಷದ ಹಿಂದೆ ನಂಬರ್ ಬಂತು, ಎರಡೂ ಕಣ್ಣಿಗೆ ಮೈನಸ್ ಒಂದೂಕಾಲು. ಹೋದ ವಾರ ಬೆಳಗಾವಿಗೆ ಹೋದಾಗ ಒಂದು ಅಂಗಡಿಯಲ್ಲಿ ‘ಆರ್ಮಿ ಬ್ಯಾಲಿಸ್ಟಿಕ್’ ಅಂತ ಕಪ್ಪು ಚಷ್ಮಾ ಸಿಕ್ಕಿತು, 350 ರೂಪಾಯಿ. ಡಬ್ಬಿ ಮೇಲೆ ಗುಂಡು ಹಾರಿ ಬಂದು ಗಾಜಿಗೆ ಬಡಿಯುವ ಚಿತ್ರ ಬೇರೆ ಇತ್ತು. ಖುಷಿಯಿಂದ ತಂದುಕೊಟ್ಟರೆ ತಮ್ಮ ಹಾಕಿಕೊಂಡು ಕನ್ನಡಿ ನೋಡಿ ನಕ್ಕುಬಿಟ್ಟ. "ಅಣ್ಣಾ, ಇದನ್ನ ಹಾಕ್ಕೊಂಡು ಯಲ್ಲಮ್ಮನ ಜಾತ್ರೆಗೆ ಹೋಗಬಹುದು ನೋಡು" ಅಂದ. ಕೋಪ ಬಂತು, ಆದರೆ ನಿಜ ಇರಬಹುದು ಅಂತಲೂ ಅನ್ನಿಸಿತು.

ಒಳ್ಳೆಯದು ಅಂತ ಹೇಗೆ ಗುರುತು ಹಿಡಿಯುವುದು? ಕಪ್ಪು ಗಾಜು ಬೇಕೋ, ಬಿಳಿ ಬೇಕೋ? ನಂಬರ್ ಇದ್ದವರು ಏನು ಮಾಡುತ್ತಾರೆ, ಕಾಂಟ್ಯಾಕ್ಟ್ ಲೆನ್ಸ್ ಹಾಕಿಸಿದರೆ ಆಗುತ್ತದಾ? ಐದಾರು ಸಾವಿರದವರೆಗೆ ಖರ್ಚು ಮಾಡುತ್ತೇನೆ. ಹೆಸರಿನ ಕಂಪನಿಗೆ ಸುಮ್ನೆ ದುಡ್ಡು ಸುರಿಯೋದು ಬೇಡ.

(ತಿದ್ದಿದ್ದು: ಹಿರಿಯರು ಹೇಳಿದ ಮೇಲೆ ಪಲ್ಟನ್ ಹೆಸರು, ಹೊರಡುವ ತಾರೀಖು ತೆಗೆದಿದ್ದೇನೆ.)

ಮಾಜಿ ಹವಾಲ್ದಾರ, ಗೋಕಾಕ

ತೆಗೆದಿದ್ದು ಒಳ್ಳೆಯದಾಯಿತು ತಮ್ಮಾ. ಮನೆಯವರು ಪ್ರೀತಿಯಿಂದಲೇ ಬರೆಯುತ್ತಾರೆ, ಆದರೆ ಯಾರು ಓದುತ್ತಾರೋ ಗೊತ್ತಿಲ್ಲವಲ್ಲ.

ಈಗ ಚಷ್ಮಾದ ವಿಷಯ. ಮೊದಲು ನಿನ್ನ ತಮ್ಮನನ್ನೇ ಕೇಳು, ಅಲ್ಲಿ ಏನು ಕೊಡುತ್ತಾರೆ ಅಂತ. ಹಿಮದಲ್ಲಿ ಇರುವವರಿಗೆ ಸ್ನೋ ಗಾಗಲ್ ಸರ್ಕಾರದಿಂದಲೇ ಬರುತ್ತದೆ, ಬೂಟು, ಕೋಟಿನ ಜೊತೆಗೆ. ಅದಿದ್ದರೆ ಇನ್ನೊಂದು ಗಾಗಲ್ ಯಾಕೆ? ಇಲ್ಲದ್ದನ್ನು ಕೊಡಿಸು. ಹೊರಗಿನದು ಹಾಕಲು ಒಪ್ಪಿಗೆ ಇದೆಯೋ ಇಲ್ಲವೋ ಅದನ್ನೂ ಅವನೇ ಕೇಳಿಕೊಳ್ಳಲಿ.

ನನ್ನದೊಂದು ಕಥೆ ಹೇಳುತ್ತೇನೆ, ಬೈಯಬೇಡಿ. ಮೇಲಿನ ಪೋಸ್ಟ್ ಒಂದರಲ್ಲಿದ್ದಾಗ ಒಂದು ದಿನ ಪೂರಾ ಮೋಡ. ಬಿಸಿಲೇ ಇಲ್ಲ. ಏರುವಾಗ ಬೆವರು, ಉಸಿರಿನ ಹಬೆ ಎಲ್ಲಾ ಸೇರಿ ಗಾಗಲ್ ಒಳಗೆ ಮಂಜು ಕಟ್ಟಿತು. ಒರೆಸಿದೆ, ಮತ್ತೆ ಕಟ್ಟಿತು. ಬೇಸತ್ತು ಹಣೆ ಮೇಲೆ ಏರಿಸಿಕೊಂಡೆ. ಮೂರ್ನಾಲ್ಕು ತಾಸು ಹಾಗೇ ನಡೆದೆ. ಸಂಜೆವರೆಗೂ ಏನೂ ಆಗಲಿಲ್ಲ. ರಾತ್ರಿ ಎಂಟರ ಹೊತ್ತಿಗೆ ಕಣ್ಣಿನಲ್ಲಿ ಯಾರೋ ಉಸುಕು ಹಾಕಿ ತಿಕ್ಕಿದ ಹಾಗೆ. ರೆಪ್ಪೆ ಬಿಡಲಿಕ್ಕೆ ಆಗುವುದಿಲ್ಲ, ನೀರು ಸುರಿಯುವುದು ನಿಲ್ಲುವುದಿಲ್ಲ, ಒಂದು ಟಾರ್ಚ್ ಬೆಳಕು ಬಿದ್ದರೂ ಸೂಜಿ ಚುಚ್ಚಿದಂತೆ. ಎರಡು ದಿನ ಕಣ್ಣು ಕಟ್ಟಿಕೊಂಡು ಮಲಗಿದೆ. ಊಟದ ತಟ್ಟೆ ಕೂಡ ಪಕ್ಕದವನೇ ಕೈಗೆ ಹಿಡಿಸುತ್ತಿದ್ದ. ಇದಕ್ಕೆ ಸ್ನೋ ಬ್ಲೈಂಡ್‌ನೆಸ್ ಅನ್ನುತ್ತಾರೆ. ಹಿಮ ಕುರುಡು ಅಂದುಕೊಳ್ಳಿ. ಅದರ ಮೋಸ ಏನೆಂದರೆ ಸುಡುವಾಗ ಗೊತ್ತೇ ಆಗುವುದಿಲ್ಲ, ಆರರಿಂದ ಹನ್ನೆರಡು ತಾಸು ಬಿಟ್ಟು ಗೊತ್ತಾಗುತ್ತದೆ. ನನ್ನದು ಮೂರನೇ ದಿನ ವಾಸಿಯಾಯಿತು, ಪುಣ್ಯ.

ಮೋಡ ಇದ್ದರೂ ಯುವಿ, ಅಂದರೆ ಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ ಸುಡುವ ಕಿರಣ, ಇಳಿಯುತ್ತದೆ. ಸಾವಿರ ಮೀಟರ್ ಮೇಲೆ ಹೋದ ಹಾಗೆ ಸುಮಾರು ನೂರಕ್ಕೆ ಹತ್ತರಷ್ಟು ಜಾಸ್ತಿ ಆಗುತ್ತದೆ. ಲೇಹ್ ಊರೇ 3500 ಮೀಟರ್ ಎತ್ತರದಲ್ಲಿದೆ. ಮೇಲಿಂದ ಬರುವುದು ಸಾಲದು ಅಂತ ಹೊಸ ಹಿಮ ನೂರಕ್ಕೆ ಎಂಬತ್ತರವರೆಗೆ ಕೆಳಗಿಂದ ತಿರುಗಿಸಿ ಮುಖಕ್ಕೆ ಹೊಡೆಯುತ್ತದೆ. ಅದಕ್ಕೇ ಬದಿ ಮುಚ್ಚಿರಬೇಕು, ಮೂಗಿನ ಹತ್ತಿರ ಸಂದು ಇರಬಾರದು. ಲೋಹದ ಫ್ರೇಮ್ ಅಂತೂ ಬೇಡವೇ ಬೇಡ, ಆ ಚಳಿಯಲ್ಲಿ ಕೆನ್ನೆಗೆ ತಗುಲಿದರೆ ಗೊತ್ತಾಗುತ್ತದೆ.

ಚಷ್ಮಾ ಅಂಗಡಿ, ಬೆಳಗಾವಿ

ಹದಿನೆಂಟು ವರ್ಷದಿಂದ ಇದೇ ಕೆಲಸ. ಕ್ಯಾಂಪ್ ಹತ್ತಿರ ಇರುವುದರಿಂದ ಗಿರಾಕಿಗಳಲ್ಲಿ ಫೌಜಿನವರೇ ಜಾಸ್ತಿ. ನಾನು ಆ ‘ಬ್ಯಾಲಿಸ್ಟಿಕ್’ ಮಾಲು ಮಾರುವುದಿಲ್ಲ, ಆದ್ದರಿಂದ ಬಿಚ್ಚು ಮನಸ್ಸಿನಿಂದ ಹೇಳಬಹುದು.

ಅಣ್ಣಾರೇ, ಡಬ್ಬಿ ಮೇಲಿನ ಚಿತ್ರ ಬಿಡಿ. ಕಡ್ಡಿಯ ಒಳಮೈ ನೋಡಿ, ಗಾಜಿನ ಮೂಲೆ ಬೆಳಕಿಗೆ ಹಿಡಿದು ನೋಡಿ. ಜೆಡ್87 ಅಂತ ಇದ್ದು ಪಕ್ಕದಲ್ಲಿ ಪ್ಲಸ್ ಗುರುತು ಇದ್ದರೆ ಅಮೆರಿಕದ ಜೋರು ಪೆಟ್ಟಿನ ಪರೀಕ್ಷೆ ಪಾಸಾಗಿದೆ ಎಂದು ಅರ್ಥ. ಪ್ಲಸ್ ಇಲ್ಲ ಅಂದರೆ ಹಗುರ ಪರೀಕ್ಷೆ ಮಾತ್ರ. ಬರೀ ಕಾಗದದ ಸ್ಟಿಕರ್ ಆದರೆ ನಂಬಬೇಡಿ, ಗುರುತು ಅಚ್ಚಾಗಿರಬೇಕು. ಪ್ಲಸ್ ಪರೀಕ್ಷೆಯಲ್ಲಿ ಅರ್ಧ ಕಿಲೋ ಚೂಪು ತೂಕವನ್ನು 127 ಸೆಂ.ಮೀ. ಎತ್ತರದಿಂದ ಬಿಡುತ್ತಾರೆ. ಆಮೇಲೆ 6.35 ಮಿ.ಮೀ. ಉಕ್ಕಿನ ಗುಂಡನ್ನು ಸೆಕೆಂಡಿಗೆ ಸುಮಾರು 45 ಮೀಟರ್ ವೇಗದಲ್ಲಿ ಹೊಡೆಯುತ್ತಾರೆ, ಅಂದರೆ ತಾಸಿಗೆ 165 ಕಿ.ಮೀ. ಗ್ರೈಂಡಿಂಗ್ ಮಷಿನ್ ಮುಂದೆ ನಿಲ್ಲುವವನಿಗೆ ಇದು ಸಾಕು.

ಶೆಲ್, ಗ್ರೆನೇಡ್ ಚೂರಿಗೆ ಇದು ಸಾಲದು. ಅಮೆರಿಕದ ಸೈನ್ಯದವರು ಬೇರೆ ನಿಯಮ ಇಟ್ಟುಕೊಂಡಿದ್ದಾರೆ, ಮಿಲ್-ಪಿಆರ್‌ಎಫ್-32432 ಅಂತ. ಅದರಲ್ಲಿ ಚಷ್ಮಾಕ್ಕೆ 3.8 ಮಿ.ಮೀ. ದಪ್ಪದ ತುಂಡನ್ನು ಸೆಕೆಂಡಿಗೆ ಕಡಿಮೆ ಅಂದರೂ 195 ಮೀಟರ್ ವೇಗದಲ್ಲಿ ಹೊಡೆಯುತ್ತಾರೆ. ತುಂಡು ಚಿಕ್ಕದು, ಆದರೂ ಲೆಕ್ಕ ಹಾಕಿದರೆ ಹೊಡೆತದ ಶಕ್ತಿ ಪ್ಲಸ್ ಪರೀಕ್ಷೆಯ ಆರು ಪಟ್ಟಿಗಿಂತ ಜಾಸ್ತಿ. ಗಾಗಲ್‌ಗೆ ಇನ್ನೂ ದೊಡ್ಡ ತುಂಡು, 5.6 ಮಿ.ಮೀ., 165 ಮೀಟರ್‌ಗೂ ಮೇಲಿನ ವೇಗ. ಇಎಸ್‌ಎಸ್, ಓಕ್ಲಿ, ರಿವಿಷನ್, ವೈಲಿ ಎಕ್ಸ್ ಇವರೆಲ್ಲ ಈ ಮಟ್ಟದ ಮಾಲು ಮಾಡುತ್ತಾರೆ. ಆದರೆ ಅದೇ ಕಂಪನಿಯ ಎಲ್ಲಾ ಚಷ್ಮಾಗಳೂ ಹಾಗಿರುವುದಿಲ್ಲ, ಫ್ಯಾಶನ್ನಿಗೆ ಮಾಡಿದ್ದೂ ಇರುತ್ತದೆ. ಆಟದ ಬಂದೂಕಿನವರಿಗೆ ಮಾಡುವ ನಕಲಿ ಮಾಲು ನೋಡಲಿಕ್ಕೆ ಥೇಟ್ ಹಾಗೇ ಇರುತ್ತದೆ. ಮತ್ತೆ ಒಂದು ಮಾತು, ಬಂದೂಕಿನ ಗುಂಡನ್ನು ಯಾವ ಚಷ್ಮಾವೂ ತಡೆಯುವುದಿಲ್ಲ. ಆ ಚಿತ್ರ ಸುಳ್ಳು. ತಡೆಯುವುದು ಚೂರು, ಕಲ್ಲು, ಧೂಳು. ಕಣ್ಣು ಹೋಗುವುದು ಬಹುಪಾಲು ಇಂಥದ್ದರಿಂದಲೇ.

ಗಾಜು ಪಾಲಿಕಾರ್ಬೊನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನದು ಆಗಿರಬೇಕು. ಸುಲಭಕ್ಕೆ ಒಡೆಯುವುದಿಲ್ಲ, ಯುವಿ ತಡೆಯುತ್ತದೆ, ಬಿಳಿ ಇದ್ದರೂ ತಡೆಯುತ್ತದೆ. ಯುವಿಗೂ ಕಪ್ಪು ಬಣ್ಣಕ್ಕೂ ಸಂಬಂಧ ಇಲ್ಲ ಅಂತ ಎಷ್ಟು ಜನರಿಗೆ ಹೇಳಿದ್ದೇನೋ! ಯುವಿ ತಡೆಯದ ಅಗ್ಗದ ಕಪ್ಪು ಗಾಜು ಹಾಕುವುದು ಬರಿಗಣ್ಣಿಗಿಂತ ಕೆಟ್ಟದ್ದಾಗಬಹುದು. ಕತ್ತಲಾಯಿತು ಅಂತ ಕಣ್ಣಿನ ಪಾಪೆ ಅಗಲ ಆಗುತ್ತದೆ, ಯುವಿ ಇನ್ನೂ ಜಾಸ್ತಿ ಒಳಗೆ ಹೋಗಬಹುದು. ನಿಮ್ಮ 350ರ ಚಷ್ಮಾ ತಂದರೆ ಮಷಿನ್ನಿನಲ್ಲಿ ಇಟ್ಟು ತೋರಿಸುತ್ತೇನೆ, ಎರಡು ನಿಮಿಷದ ಕೆಲಸ.

ಗಾಜು ಬದಲಿಸಲು ಬರುವ ಫ್ರೇಮ್ ತೆಗೆದುಕೊಳ್ಳಿ. ಹಗಲಿಗೆ ಕಪ್ಪು, ರಾತ್ರಿಗೆ ಪೂರಾ ಬಿಳಿ. ಕಪ್ಪಿನಲ್ಲೂ ನಂಬರ್ ಇದೆ. ಕೆಟಗರಿ 3ರಲ್ಲಿ ನೂರಕ್ಕೆ 8ರಿಂದ 18 ಭಾಗ ಬೆಳಕು ಒಳಗೆ ಬರುತ್ತದೆ, 4ರಲ್ಲಿ 3ರಿಂದ 8 ಮಾತ್ರ. ನಾಲ್ಕು ಹಿಮಕ್ಕೆ ಚೆನ್ನ, ಆದರೆ ಅದನ್ನು ಹಾಕಿಕೊಂಡು ಗಾಡಿ ಓಡಿಸಬಾರದು. ಬಿಸಿಲಿಗೆ ತಾನೇ ಕಪ್ಪಾಗುವ ಗಾಜು ಕೇಳುತ್ತಾರೆ ಎಲ್ಲರೂ. ಚಳಿಯಲ್ಲಿ ಅದು ಬೇಗ ತಿಳಿಯಾಗುವುದಿಲ್ಲ. ಬಿಸಿಲಿನಿಂದ ಬಂಕರ್ ಒಳಗೆ ಹೋದವನು ಕುರುಡನ ಹಾಗೆ ನಿಲ್ಲಬೇಕಾಗುತ್ತದೆ.

ನಂಬರ್ ವಿಷಯಕ್ಕೆ ಇನ್ಸರ್ಟ್ ಅಂತ ಸಿಗುತ್ತದೆ. ದೊಡ್ಡ ಗಾಜಿನ ಹಿಂದೆ ಮೂಗಿನ ಹತ್ತಿರ ಸಿಕ್ಕಿಸುವ ಚಿಕ್ಕ ಫ್ರೇಮ್. ಅದರಲ್ಲಿ ನಾವು ನಂಬರ್ ಗಾಜು ಹಾಕಿಕೊಡುತ್ತೇವೆ. ಅದೂ ಪಾಲಿಕಾರ್ಬೊನೇಟೇ ಇರಲಿ, ಕಣ್ಣಿಗೆ ಹತ್ತಿರ ಇರುವುದು ಅದೇ ಅಲ್ವಾ. ಎರಡು ಗಾಜಿನ ನಡುವೆ ಮಂಜು ಸ್ವಲ್ಪ ಜಾಸ್ತಿ ಕಟ್ಟುತ್ತದೆ, ರೆಪ್ಪೆ ಕೂದಲು ತಗುಲುತ್ತದಾ ನೋಡಬೇಕು. ಆದ್ದರಿಂದ ತಮ್ಮನನ್ನೇ ಕರೆದುಕೊಂಡು ಬನ್ನಿ, ಚೀಟಿ ಹಿಡಿದುಕೊಂಡು ನೀವೊಬ್ಬರೇ ಬರಬೇಡಿ.

ಇಳಕಲ್ ಕಲ್ಲು ಕ್ವಾರಿ

ನಾನು ಫೌಜಿಯಲ್ಲ, ಗ್ರಾನೈಟ್ ಕ್ವಾರಿಯಲ್ಲಿ ಸೂಪರ್‌ವೈಸರ್. ನಮ್ಮಲ್ಲಿಯೂ ಕಣ್ಣಿಗೆ ಚೂರು ಹಾರುವುದು ದಿನದ ಕಥೆ. ಒಮ್ಮೆ ಮೂರು ತರಹದ ಚಷ್ಮಾ ತಂದು, ಉಳಿ ಹೊಡೆಯುವವರ ಎದುರಿಗೆ ಗೂಟಕ್ಕೆ ಕಟ್ಟಿ ಒಂದು ದಿನ ಬಿಟ್ಟೆ. ದೊಡ್ಡ ವಿಜ್ಞಾನ ಏನಲ್ಲ. ಸಂಜೆ ನೋಡಿದರೆ ರಸ್ತೆ ಬದಿಯ ಕಪ್ಪು ಚಷ್ಮಾ ನಡುವೆ ಸೀಳಿ ಒಂದು ಚೂಪು ತುಂಡು ಒಳಗಡೆಗೆ ಬಾಗಿ ನಿಂತಿತ್ತು. ಕಲ್ಲು ಬಿಡಿ, ಆ ತುಂಡೇ ಕಣ್ಣು ತೆಗೆಯುತ್ತಿತ್ತು. ಪ್ಲಸ್ ಗುರುತಿನದರ ಮೇಲೆ ಸಾಸಿವೆ ಕಾಳಿನಷ್ಟು ಎರಡು ತಗ್ಗು, ಅಷ್ಟೇ. ಮೂರನೆಯದರಲ್ಲಿ ಗಾಜು ಗಟ್ಟಿಯಾಗಿಯೇ ಇತ್ತು, ಆದರೆ ಪೆಟ್ಟಿಗೆ ಫ್ರೇಮಿನಿಂದ ಕಳಚಿ ಹಿಂದಕ್ಕೆ ಬಿದ್ದಿತ್ತು! ಅದಕ್ಕೇ ಹೇಳುವುದು, ಗಾಜಿನ ಜೊತೆ ಫ್ರೇಮಿಗೂ ಗುರುತು ಇರಬೇಕು. ಒಮ್ಮೆ ಜೋರು ಪೆಟ್ಟು ತಿಂದ ಗಾಜನ್ನು ಬಿಸಾಕಿ, ಚೆನ್ನಾಗಿ ಕಾಣುತ್ತದೆ ಅಂತ ಇಟ್ಟುಕೊಳ್ಳಬೇಡಿ.

ಥಿನ್ನರ್, ಪೆಟ್ರೋಲ್ ಹಚ್ಚಿ ಒರೆಸಬೇಡಿ. ನಮ್ಮ ಹುಡುಗನೊಬ್ಬ ಪೇಂಟ್ ಕಲೆ ಹೋಗಲಿ ಅಂತ ಥಿನ್ನರ್ ತಿಕ್ಕಿದ. ಗಾಜು ಪೂರಾ ಬೆಳ್ಳಗಾಗಿ ಜೇಡನ ಬಲೆಯ ಹಾಗೆ ಬಿರುಕು ಬಿಟ್ಟಿತು.

ವಿಜಯಪುರದ ಅಕ್ಕ

ನಮ್ಮ ಮನೆಯವರು ಬಿಎಸ್‌ಎಫ್, ನಾಲ್ಕು ವರ್ಷ ರಾಜಸ್ಥಾನದಲ್ಲಿದ್ದರು. ಕಾಂಟ್ಯಾಕ್ಟ್ ಲೆನ್ಸ್ ಬೇಡ ತಮ್ಮಾ. ಇವರು ಹಟ ಮಾಡಿ ಹಾಕಿಕೊಂಡು ಹೋದರು. ಒಂದು ಧೂಳಿನ ಗಾಳಿ ಬಂತು, ಲೆನ್ಸ್ ಕೆಳಗೆ ಉಸುಕು ಸಿಕ್ಕಿ ಕಣ್ಣಿನ ಕರಿಗುಡ್ಡೆ ಮೇಲೆ ಗೀರು ಬಿತ್ತು. ಹತ್ತು ದಿನ ಡ್ರಾಪ್ಸ್. ಕೈ ತೊಳೆಯಲು ನೀರಿಲ್ಲದ ಕಡೆ ಲೆನ್ಸ್ ಹಾಕಿ ತೆಗೆಯುವುದು ಆಗದ ಮಾತು.

ಹಳದಿ ಗಾಜನ್ನು ‘ನೈಟ್ ವಿಷನ್’ ಅಂತ ಹೇಳಿ ಮಾರುತ್ತಾರೆ, ನಾವೂ ಒಂದು ಕೊಂಡು ಮೋಸ ಹೋದೆವು. ಸಂಜೆ ಮಬ್ಬಿಗೆ ಪರವಾಗಿಲ್ಲ, ರಾತ್ರಿ ಏನೂ ಜಾಸ್ತಿ ಕಾಣುವುದಿಲ್ಲ.

ಕೊಂಡ ಮೇಲೆ ಮನೆಯಲ್ಲೇ ಮಂಕಿಟೋಪಿ, ಹೆಲ್ಮೆಟ್ ಎಲ್ಲಾ ಹಾಕಿಸಿ ಒಂದು ತಾಸು ಕೂರಿಸಿ. ನಗಬೇಡಿ, ನಾನು ಹಾಗೇ ಮಾಡಿದ್ದು. ಬೈಕ್ ಹೆಲ್ಮೆಟ್ ಹಾಕಿಸಿ ಭಕ್ರಿ ಬಡಿಯುವಾಗ ಎದುರಿಗೆ ಕೂರಿಸಿದ್ದೆ. ಕಡ್ಡಿ ದಪ್ಪ ಇದ್ದರೆ ಕಿವಿ ಮೇಲೆ ಒತ್ತಿ ಅರ್ಧ ತಾಸಿಗೇ ತಲೆನೋವು ಬರುತ್ತದೆ. ನೋವಾದ ಚಷ್ಮಾ ಜೇಬಿಗೆ ಹೋಗುತ್ತದೆ. ಒಳಮೈಗೆ ಮಂಜು ಕಟ್ಟದ ಲೇಪ ಇರುತ್ತದೆ, ಅದನ್ನು ಅಂಗಿ ತುದಿಯಿಂದ ತಿಕ್ಕಿ ತಿಕ್ಕಿ ಇವರು ಎರಡೇ ತಿಂಗಳಲ್ಲಿ ಕೆಡಿಸಿದರು. ನೀರು ಹಾಕಿ ತೊಳೆದು ಮೆತ್ತನೆ ಬಟ್ಟೆ ಒತ್ತಬೇಕಂತೆ. ನಾನು ಒಂದು ಹತ್ತಿ ಸಾಕ್ಸ್ ಕೊಟ್ಟಿದ್ದೆ, ಚೀಲವೂ ಅದೇ, ಒರೆಸುವ ಬಟ್ಟೆಯೂ ಅದೇ.

ಬೈಲಹೊಂಗಲದ ಅಣ್ಣ

ಎಲ್ಲರಿಗೂ ಥ್ಯಾಂಕ್ಸ್ ರೀ, ಇಷ್ಟು ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಹವಾಲ್ದಾರ್ ಕಾಕಾ ಹೇಳಿದ ಹಾಗೆ ಕೇಳಿದೆ. ತಮ್ಮ ತನ್ನ ಜೊತೆಯವರಿಗೆ ಫೋನ್ ಮಾಡಿದ. ಹಿಮದ ಗಾಗಲ್ ಅಲ್ಲಿಯೇ ಕೊಡುತ್ತಾರಂತೆ, ಹೊರಗಿನ ಚಷ್ಮಾ ಡ್ಯೂಟಿ ಇಲ್ಲದಾಗ, ಗಾಡಿಯಲ್ಲಿ, ಸಣ್ಣಪುಟ್ಟ ಕೆಲಸದಲ್ಲಿ ಹಾಕಬಹುದಂತೆ. ಆದರೆ ಅಲ್ಲಿ ನಂಬರ್ ಇನ್ಸರ್ಟ್ ಸಿಗುವುದು ಕಷ್ಟ ಅಂದರು. ಹಾಗಾಗಿ ಗಾಗಲ್ ಬಿಟ್ಟೆವು. ಗಾಜು ಬದಲಿಸುವ ಒಂದು ಚಷ್ಮಾ, ಇನ್ಸರ್ಟ್ ಎರಡು. ಒಂದು ಕಳೆದರೆ ಇನ್ನೊಂದು ಇರಲಿ.

ನಿನ್ನೆ ಇಬ್ಬರೂ ಬೆಳಗಾವಿಗೆ ಹೋಗಿ ಬಂದೆವು. ನಂಬರ್ ಮತ್ತೆ ತಪಾಸಣೆ ಮಾಡಿಸಿದರೆ ಎಡಗಣ್ಣಿಗೆ ಮೈನಸ್ ಒಂದೂವರೆ ಆಗಿದೆ. ಹಳೆ ಚೀಟಿ ಮೇಲೆ ಮಾಡಿಸಿದ್ದರೆ ದುಡ್ಡು ದಂಡ ಆಗುತ್ತಿತ್ತು. ಆ 350ರ ಚಷ್ಮಾವನ್ನೂ ಮಷಿನ್ನಿನಲ್ಲಿ ಇಟ್ಟು ನೋಡಿದರು. ಯುವಿ ಅರ್ಧಕ್ಕರ್ಧ ದಾಟಿ ಹೋಗುತ್ತಿದೆ. ತಮ್ಮ ಏನೂ ಅನ್ನಲಿಲ್ಲ, ಸುಮ್ನೆ ನನ್ನ ಮುಖ ನೋಡಿದ.

ಅಕ್ಕಾರೇ, ನೀವು ಹೇಳಿದ ಹಾಗೆ ಹೆಲ್ಮೆಟ್ ಪರೀಕ್ಷೆಯೂ ಆಯಿತು. ಅವ್ವ ಓಣಿಯವರನ್ನೆಲ್ಲ ಕರೆದು ತೋರಿಸಿದಳು. ಈಗ ಆ 350ರ ಚಷ್ಮಾ ಅಪ್ಪನಿಗೆ ಹೋಗಿದೆ, ಕಬ್ಬಿನ ರವದಿ ಸುಲಿಯುವಾಗ ಹಾಕಿಕೊಳ್ಳುತ್ತೇನೆ ಅಂತಾರೆ. ಅದಾದರೂ ನಡೆಯುತ್ತದಾ?

ಚಷ್ಮಾ ಅಂಗಡಿ, ಬೆಳಗಾವಿ

ಅದನ್ನೂ ಕೊಡಬೇಡಿ. ಕಬ್ಬಿನ ಎಲೆ ತಾಗಿ ಕಣ್ಣಿಗೆ ಬೂಷ್ಟು ಹಿಡಿಸಿಕೊಂಡು ಬರುವವರನ್ನು ಪ್ರತಿ ಹಂಗಾಮಿನಲ್ಲಿ ನೋಡುತ್ತೇನೆ. ಎಲೆಯ ಗೀರು ಸಣ್ಣದು ಅಂತ ವಾರ ಬಿಟ್ಟು ಬರುತ್ತಾರೆ, ಅಷ್ಟರಲ್ಲಿ ಗುಡ್ಡೆ ಮೇಲೆ ಬಿಳಿ ಕಲೆ ಆಗಿರುತ್ತದೆ. ಕಬ್ಬಿನ ಒಳಗೆ ಮೊದಲೇ ನೆರಳು, ಕಪ್ಪು ಗಾಜು ಹಾಕಿದರೆ ಎಲೆಯ ತುದಿ ಕಾಣುವುದೇ ಇಲ್ಲ. ಬದಿ ಮುಚ್ಚಿದ ಬಿಳಿ ಗಾಜಿನದು ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ, ಇನ್ಸರ್ಟ್ ಒಯ್ಯಲು ಬರುತ್ತೀರಲ್ಲ ಶನಿವಾರ, ಆಗ ಅಪ್ಪಾಜಿಯವರಿಗೂ ಒಂದು ತೆಗೆದುಕೊಂಡು ಹೋಗಿ.