ಅಪ್‌ಡೇಟ್: ರಿಟರ್ನ್ ಲೈನ್ ಹಾಕಿಸಿದೆ, ಬೂಸ್ಟ್‌ನಲ್ಲಿ ಪೆಟ್ರೋಲ್ ಪ್ರೆಶರ್ ಈಗ ಬೀಳದೆ ನಿಲ್ಲುತ್ತಿದೆ

ಟರ್ಬೊ ಹಾಕಿಸಿದ ನನ್ನ ಹ್ಯಾಚ್‌ಬ್ಯಾಕ್ ಬೂಸ್ಟ್ (ಟರ್ಬೊ ಇಂಜಿನ್‌ಗೆ ತಳ್ಳುವ ಗಾಳಿಯ ಒತ್ತಡ) ಏರಿದ ಕೂಡಲೇ ಲೀನ್ ಆಗುತ್ತಿದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ, ರಿಟರ್ನ್ ಲೈನ್ (ಮಿಕ್ಕ ಪೆಟ್ರೋಲ್ ವಾಪಸ್ ಟ್ಯಾಂಕಿಗೆ ಒಯ್ಯುವ ಪೈಪ್) ಹಾಕಿಸಲಾ ಅಂತ ಕೇಳಿದ್ದೆ. ಹಾಕಿಸಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್. ಗೋಣಿಕೊಪ್ಪದಲ್ಲಿ ಪರಿಚಯದ ಮೆಕ್ಯಾನಿಕ್ ಅಣ್ಣ ಮಾಡಿಕೊಟ್ಟರು.

ಮೊದಲು ಪೆಟ್ರೋಲ್ ಪ್ರೆಶರ್ ಹಿಡಿದಿಡುವ ರೆಗ್ಯುಲೇಟರ್ ಟ್ಯಾಂಕ್ ಒಳಗೇ ಇತ್ತು. ಪ್ರೆಶರ್ 3 ಬಾರ್‌ಗೆ ಫಿಕ್ಸ್. 0.7 ಬಾರ್ ಬೂಸ್ಟ್ ಬಂದರೆ ಅದು ಎದುರಿನಿಂದ ತಳ್ಳುತ್ತದೆ, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ಗೆ ಉಳಿಯೋದು 2.3 ಅಷ್ಟೇ. ಪೆಟ್ರೋಲ್ ಜಾಸ್ತಿ ಬೇಕಾದಾಗಲೇ ಕಮ್ಮಿ! ಈಗ ಪಂಪ್‌ನಿಂದ ರೈಲ್‌ಗೆ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪ್), ರೈಲ್ ದಾಟಿದ ಮೇಲೆ ರೆಗ್ಯುಲೇಟರ್, ಮಿಕ್ಕಿದ್ದು ವಾಪಸ್ ಟ್ಯಾಂಕಿಗೆ. ಇಂಜಿನ್‌ಗೆ ಗಾಳಿ ಹೋಗುವ ಮ್ಯಾನಿಫೋಲ್ಡ್‌ನಿಂದ ರೆಗ್ಯುಲೇಟರ್‌ಗೆ ಒಂದು ಸಣ್ಣ ಹೋಸ್. ಬೂಸ್ಟ್ ಎಷ್ಟು ಏರುತ್ತದೋ ಪ್ರೆಶರ್ ಕೂಡ ಅಷ್ಟೇ ಏರುತ್ತದೆ.

ಸೆಟ್ಟಿಂಗ್ ಮಾಡುವಾಗ ಅಣ್ಣ ಆ ಹೋಸ್ ಕಳಚಿ, ಹೋಸ್‌ನ ಬಾಯಿ ಮುಚ್ಚಿ, ಐಡಲ್‌ನಲ್ಲಿ 3 ಬಾರ್ ಇಟ್ಟರು. ಮತ್ತೆ ಸಿಕ್ಕಿಸಿದಾಗ ಗೇಜ್ ಮುಳ್ಳು ಮೆಲ್ಲಗೆ ಕೆಳಗಿಳಿಯಿತು. ಐಡಲ್‌ನಲ್ಲಿ ಮ್ಯಾನಿಫೋಲ್ಡ್ ಒಳಗೆ ವ್ಯಾಕ್ಯೂಮ್ ಇರುತ್ತದಲ್ವಾ, ಅದಕ್ಕೇ. ಗಾಬರಿ ಬೇಡ.

ಟ್ಯಾಂಕ್ ಒಳಗಿನ ಹಳೇ ರೆಗ್ಯುಲೇಟರ್ ತೆಗೆದು ಆ ದಾರಿ ಬಂದ್ ಮಾಡಲೇಬೇಕು, ಇಲ್ಲದಿದ್ದರೆ ಪ್ರೆಶರ್ ಅಲ್ಲೇ ಬಿಟ್ಟುಹೋಗುತ್ತದೆ. ರಿಟರ್ನ್ ತುದಿ ಪೆಟ್ರೋಲ್‌ನಲ್ಲಿ ಮುಳುಗಿರಲಿ, ಮೇಲಿಂದ ಸುರಿದರೆ ನೊರೆ ಏಳುತ್ತದೆ. ಪೆಟ್ರೋಲ್ ಹೋಸ್‌ನಲ್ಲಿ ಮಾತ್ರ ದುಡ್ಡು ಉಳಿಸಬೇಡಿ, ದಯವಿಟ್ಟು. ಇ20 (ಎಥನಾಲ್ ಬೆರೆಸಿದ) ಪೆಟ್ರೋಲ್ ತಡೆಯುವ ಪಿಟಿಎಫ್‌ಇ (ಟೆಫ್ಲಾನ್) ಲೈನಿಂಗ್‌ನದ್ದೇ ಹಾಕಿಸಿ, ಎಕ್ಸಾಸ್ಟ್‌ನಿಂದ ದೂರ ಎಳೆಸಿ. ಬೆಂಕಿಯ ವಿಷಯ ಇದು.

ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗ ಲಾಗ್ ತೆಗೆದೆ. ಬೂಸ್ಟ್‌ನಲ್ಲಿ ಪ್ರೆಶರ್ 3.7 ಬಾರ್, ಗಟ್ಟಿಯಾಗಿ ನಿಂತಿದೆ. ಇನ್ನು ಮ್ಯಾಪ್ (ಇಂಜಿನ್ ಕಂಪ್ಯೂಟರ್ ಒಳಗಿನ ಪೆಟ್ರೋಲ್ ಲೆಕ್ಕ) ತಿದ್ದಿಸಬೇಕು. ಅಲ್ಲಿಯವರೆಗೆ ಬೂಸ್ಟ್ ಏರಿಸುವುದಿಲ್ಲ.