ಹಸಿ ತೊಗಲು ಕೊಳೆಯುತ್ತದೆ, ಬೆಲ್ಟ್ ಯಾಕೆ ಕೊಳೆಯುವುದಿಲ್ಲ?

ಯಾಕೆ_ಹೇಗೆ:
ಡೋಲಿಗೆ ಬಿಗಿಯುವ ತೊಗಲೂ ಪ್ರಾಣಿಯ ಚರ್ಮವೇ, ನನ್ನ ಸೊಂಟದ ಬೆಲ್ಟೂ ಚರ್ಮವೇ. ಡೋಲಿನ ತೊಗಲನ್ನು ನೀರಲ್ಲಿ ಹಾಕಿಟ್ಟು ಮರೆತರೆ ಲೋಳೆಯಾಗಿ ನಾರುತ್ತದೆ. ಬೆಲ್ಟ್ ಮಳೆಯಲ್ಲಿ ನೆಂದು ಒಣಗಿದರೂ ಬೆಲ್ಟಾಗಿಯೇ ಇರುತ್ತದೆ. ಉಪ್ಪು ಹಾಕಿ ಒಣಗಿಸಿದರೆ ಹದವಾಗುತ್ತದೆ ಅಂತ ಒಬ್ಬರು ಹೇಳಿದರು. ಎಣ್ಣೆ ಹಾಕಿ ತಿಕ್ಕಬೇಕು ಅಂತ ಇನ್ನೊಬ್ಬರು. ನಿಜವಾಗಿ ಒಳಗೆ ಏನಾಗುತ್ತದೆ? ಈ ಕೆಲಸ ಕೈಯಾರೆ ಮಾಡಿದವರು ಯಾರಾದರೂ ಇದ್ದರೆ ಸ್ವಲ್ಪ ಬಿಡಿಸಿ ಹೇಳಿ.

ರಸಾಯನ_ಮೇಷ್ಟ್ರು:
ಉಪ್ಪು ನೀರನ್ನು ಎಳೆದುಕೊಂಡು ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುತ್ತದೆ, ಅಷ್ಟೇ. ತೊಳೆದರೆ ಮತ್ತೆ ಹಸಿ ತೊಗಲೇ. ಹದ ಮಾಡುವುದು ಅಂದರೆ ಚರ್ಮದ ಮುಖ್ಯ ಪ್ರೋಟೀನಾದ ಕೊಲ್ಯಾಜನ್ ನಾರುಗಳ ನಡುವೆ ಸುಲಭಕ್ಕೆ ಬಿಚ್ಚಿಹೋಗದ ಬಂಧ ಹಾಕುವುದು. ಪುಸ್ತಕದಲ್ಲಿ ಇರುವುದು ಇಷ್ಟು. ಕೆಲಸದ ವಿಷಯ ಗೊತ್ತಿರುವವರು ಮುಂದುವರಿಸಲಿ.

ಸುಣ್ಣದ_ತೊಟ್ಟಿ:
ಮೇಷ್ಟ್ರು ಹೇಳಿದ್ದು ಸರಿ. ನಾನು ಚರ್ಮದ ಕಾರ್ಖಾನೆಯಲ್ಲಿ ಸುಣ್ಣದ ವಿಭಾಗದಲ್ಲಿ ಇದ್ದವನು. ನೀರು, ಕೂದಲು, ಕೊಳೆ ಎಲ್ಲ ಇರುವ ಮೊದಲ ಭಾಗ ಅದು. ಅದರ ವಾಸನೆ ಬಗ್ಗೆ ಬೇರೆ ಹೇಳಬೇಕಾಗಿಲ್ಲ ಅಲ್ವಾ. ಹದ ಮಾಡುವುದು ಅಂದರೆ ಏನೋ ಮದ್ದು ಹಾಕುವುದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಕೆಲಸ ಜಾಸ್ತಿ ಇರುವುದು ತೆಗೆಯುವುದರಲ್ಲಿ. ತೆಗೆದದ್ದು ಸರಿಯಾಗಿಲ್ಲದಿದ್ದರೆ ಆಮೇಲೆ ಎಂಥ ಮದ್ದು ಹಾಕಿದರೂ ಚರ್ಮ ಕೈಗೆ ಒಗ್ಗುವುದಿಲ್ಲ.

ತೊಗಲಿನಲ್ಲಿ ಮೂರು ಪದರ. ಮೇಲೆ ಕೂದಲಿನ ಪದರ, ಕೆಳಗೆ ಕೊಬ್ಬು ಮಾಂಸದ ಪದರ. ಎರಡೂ ಬೇಡ. ಬೇಕಾದದ್ದು ನಡುವಿನದು, ಕೊಲ್ಯಾಜನ್ ನಾರುಗಳು ಎಲ್ಲ ದಿಕ್ಕಿಗೂ ಹೆಣೆದುಕೊಂಡಿರುವ ಪದರ. ಆ ನಾರುಗಳ ಸಂದಿಯಲ್ಲಿ ಅಂಟಂಟಾದ ಬೇರೆ ಪ್ರೋಟೀನುಗಳೂ ಇರುತ್ತವೆ. ಹಸಿ ತೊಗಲು ಒಣಗಿದಾಗ ನಾರಿಗೆ ನಾರು ಅಂಟಿಕೊಂಡು ಹಲಗೆ ಆಗುವುದು ಹೀಗೆ.

ಮೊದಲು ಉಪ್ಪು. ತೊಗಲಿನ ತೂಕದ ಶೇ. 40ರಿಂದ 50ರಷ್ಟು ಬೇಕು. ಸುಲಿದ ಕೆಲವೇ ಗಂಟೆಯಲ್ಲಿ ಹಾಕದಿದ್ದರೆ ಕೊಳೆಯಲು ಶುರು. ಕೂದಲು ಹಿಡಿದು ಮೆಲ್ಲಗೆ ಎಳೆದು ನೋಡಬೇಕು. ಬುಡಸಮೇತ ಸಲೀಸಾಗಿ ಬಂದುಬಿಟ್ಟರೆ ಆ ತೊಗಲು ಕೆಟ್ಟಿದೆ ಅಂತಲೇ. ಮುಂದೆ ಆ ಜಾಗದಲ್ಲಿ ಮೇಲ್ಮೈ ತೂತು ತೂತಾಗಿ ಕಾಣುತ್ತದೆ, ಯಾವ ಬಣ್ಣ ಬಳಿದರೂ ಮುಚ್ಚುವುದಿಲ್ಲ.

ನೆನೆಸಿ ಉಪ್ಪು, ರಕ್ತ ಎಲ್ಲ ತೆಗೆದ ಮೇಲೆ ಸುಣ್ಣ. ಸುಣ್ಣದ ಜೊತೆ ಸೋಡಿಯಂ ಸಲ್ಫೈಡ್ ಹಾಕುತ್ತಾರೆ. ಪಿಎಚ್ (ಆಮ್ಲ, ಕ್ಷಾರ ಅಳೆಯುವ ಲೆಕ್ಕ; 7ಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ) 12 ದಾಟುತ್ತದೆ. ಕೂದಲಿನ ಪ್ರೋಟೀನಾದ ಕೆರಾಟಿನ್‌ನಲ್ಲಿ ಗಂಧಕದ ಕೊಂಡಿಗಳಿವೆ, ಸಲ್ಫೈಡ್ ಅವನ್ನು ಕತ್ತರಿಸಿ ಕೂದಲನ್ನು ಗಂಜಿ ಮಾಡಿಬಿಡುತ್ತದೆ. ಕೊಲ್ಯಾಜನ್‌ನಲ್ಲಿ ಆ ಕೊಂಡಿ ಇಲ್ಲ, ಹಾಗಾಗಿ ಅದು ಉಳಿಯುತ್ತದೆ. ತೊಗಲು ಉಬ್ಬಿ, ರಬ್ಬರಿನ ಹಾಗೆ ದಪ್ಪಗಾಗಿ, ಕೈಯಿಂದ ಜಾರುತ್ತಿರುತ್ತದೆ. ಆಗಲೇ ಕೆಳಗಿನ ಮಾಂಸ ಹೆರೆದು ತೆಗೆಯುವುದು. ನಿಮ್ಮ ಡೋಲಿನ ತೊಗಲಿನ ಕತೆ ಹೆಚ್ಚುಕಡಿಮೆ ಇಲ್ಲಿಗೇ ಮುಗಿಯುತ್ತದೆ. ಇಲ್ಲಿಂದ ಎಳೆದು ಕಟ್ಟಿ ಒಣಗಿಸಿದರೆ ಡೋಲಿಗೆ ಆಯಿತು. ಹದವಾಗಿಲ್ಲ, ಅದಕ್ಕೇ ನೆನೆದರೆ ಕೊಳೆಯುತ್ತದೆ.

ಒಂದು ಮಾತು ಮಧ್ಯೆ ಹೇಳಿಬಿಡುತ್ತೇನೆ, ಯಾರಾದರೂ ಮನೆಯಲ್ಲಿ ಮಾಡಲು ಹೊರಟರೆ ಅಂತ. ಸಲ್ಫೈಡ್ ನೀರಿಗೆ ಆಮ್ಲ ಸೇರಿದರೆ ಹೈಡ್ರೋಜನ್ ಸಲ್ಫೈಡ್ ಅನಿಲ ಏಳುತ್ತದೆ. ಜಾಸ್ತಿ ಆದರೆ ಅದರ ವಾಸನೆಯೇ ಮೂಗಿಗೆ ಗೊತ್ತಾಗುವುದಿಲ್ಲ, ಮನುಷ್ಯ ನಿಂತಲ್ಲೇ ಬೀಳುತ್ತಾನೆ. ಸುಣ್ಣದ ನೀರು, ಆಮ್ಲದ ನೀರು ಒಂದೇ ಚರಂಡಿಗೆ ಹೋಗಬಾರದು. ಮನೆಯಲ್ಲಿ ಸಲ್ಫೈಡ್ ಮುಟ್ಟಲೇಬೇಡಿ.

ಸುಣ್ಣ ಹಾಕುವುದಕ್ಕಿಂತ ಅದನ್ನು ಪೂರ್ತಿ ಹೊರಗೆ ತರುವುದು ಕಷ್ಟ. ಅಮೋನಿಯಂ ಸಲ್ಫೇಟ್ ಹಾಕಿ ತಿರುಗಿಸುತ್ತೇವೆ. ಆಮೇಲೆ ಕುತ್ತಿಗೆ ಹತ್ತಿರ, ಎಲ್ಲಿ ದಪ್ಪವಿದೆಯೋ ಅಲ್ಲಿ, ಚಾಕುವಿನಿಂದ ಒಂದು ಪಟ್ಟಿ ಕತ್ತರಿಸಿ ಕೊಯ್ದ ಅಂಚಿಗೆ ಫಿನಾಲ್ಫ್ತಲೀನ್ (ಸುಣ್ಣ ತಾಗಿದರೆ ಗುಲಾಬಿಯಾಗುವ ದ್ರಾವಣ) ಹನಿ ಬಿಡುವುದು. ಹೊರಗಡೆ ಬಿಳಿ, ಮಧ್ಯದಲ್ಲಿ ಒಂದೆಳೆ ಗುಲಾಬಿ ಗೆರೆ ಕಂಡರೆ ಒಳಗೆ ಇನ್ನೂ ಸುಣ್ಣ ಇದೆ. ನಾನು ಆ ಗೆರೆ ಪೂರ್ತಿ ಹೋಗುವ ತನಕ ಬಿಡುತ್ತಿರಲಿಲ್ಲ. ಕೆಲವರು ಸುಮ್ನೆ ಸಾಕು ಸಾಕು ಅಂತ ಮುಂದಕ್ಕೆ ದೂಡುತ್ತಾರೆ.

ನಂತರ ಕಿಣ್ವ. ಸಂದಿಯಲ್ಲಿ ಉಳಿದ ಅಂಟು ಪ್ರೋಟೀನನ್ನು ಅದು ಕರಗಿಸುತ್ತದೆ. ಹಿಂದೆ ಇದಕ್ಕೆ ನಾಯಿಯ ಹೇಲು, ಪಾರಿವಾಳದ ಹಿಕ್ಕೆ ಕಲಸಿದ ನೀರು ಬಳಸುತ್ತಿದ್ದರು, ತಮಾಷೆ ಅಲ್ಲ. 1907ರ ಸುಮಾರಿಗೆ ಜರ್ಮನಿಯ ಒಟ್ಟೋ ರೋಮ್ ಪ್ರಾಣಿಗಳ ಮೇದೋಜೀರಕ ಗ್ರಂಥಿಯ ಕಿಣ್ವವನ್ನು ಇದಕ್ಕೆ ಬಳಕೆಗೆ ತಂದ. ಕಾರ್ಮಿಕರ ಮಟ್ಟಿಗೆ ಅವನಷ್ಟು ಉಪಕಾರ ಮಾಡಿದವರು ಕಡಿಮೆ. ಕಿಣ್ವದ ಕೆಲಸ ಆಯಿತೋ ಇಲ್ಲವೋ ನೋಡಲು ಹೆಬ್ಬೆಟ್ಟು ಒತ್ತಬೇಕು. ಗುರುತು ಹಾಗೇ ಉಳಿದರೆ ಆಯಿತು. ಉಬ್ಬಿ ವಾಪಸ್ ಬಂದರೆ ಇನ್ನೂ ಬೇಕು. ತುಂಬಾ ಹೊತ್ತು ಬಿಟ್ಟರೆ ತೊಗಲು ಸಡಿಲವಾಗಿ ಸತ್ತೇ ಹೋಗುತ್ತದೆ.

ಕ್ರೋಮ್ ಹದಕ್ಕಾದರೆ, ಅಂದರೆ ಕ್ರೋಮಿಯಂ ಲವಣದಲ್ಲಿ ಹದ ಮಾಡುವುದಾದರೆ, ಈಗ ಆಮ್ಲದ ನೀರು. ಅದಕ್ಕೆ ಮೊದಲು ಉಪ್ಪು, ಆಮೇಲೆ ಆಮ್ಲ. ತಿರುಗಾಮುರುಗಾ ಆದರೆ ತೊಗಲು ಮತ್ತೆ ಉಬ್ಬಿ ಹಾಳಾಗುತ್ತದೆ. ಪಿಎಚ್ 3ರ ಆಸುಪಾಸಿಗೆ ಬಂದ ಮೇಲೆ ಕ್ರೋಮಿಯಂ ಸಲ್ಫೇಟ್. ಅದು ಒಳಗೆ ಪೂರ್ತಿ ಇಳಿದ ಮೇಲೆ ಅಡುಗೆ ಸೋಡಾ ಸ್ವಲ್ಪ ಸ್ವಲ್ಪವೇ ಹಾಕಿ ಪಿಎಚ್ 4ರ ಹತ್ತಿರಕ್ಕೆ ಏರಿಸಿದರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಒಂದು ದಿನದೊಳಗೆ ಕೆಲಸ ಮುಗಿಯುತ್ತದೆ. ತೊಗಲು ತಿಳಿ ನೀಲಿಯಾಗಿ ಹೊರಬರುತ್ತದೆ, ಅದಕ್ಕೇ ವೆಟ್ ಬ್ಲೂ ಅನ್ನುತ್ತೇವೆ.

ಹೊಲಿಗೆ_ಕೈ:
ಸಾರ್, ಚೆನ್ನಾಗಿ ಹೇಳಿದಿರಿ. ನಾನು ಬ್ಯಾಗು, ಪರ್ಸು ಹೊಲಿಯುವವಳು. ನಮಗೆ ಜಾಸ್ತಿ ಬೇಕಾಗುವುದು ತೊಗಟೆಯಲ್ಲಿ ಹದ ಮಾಡಿದ್ದು. ಅಂಗಡಿಯವರು ಎಲ್ಲವನ್ನೂ ತೊಗಟೆ ಹದ ಅಂತಲೇ ಮಾರುತ್ತಾರೆ. ಗುರುತಿಸುವುದು ಹೇಗೆ? ಮತ್ತೆ ಕ್ರೋಮ್ ವಿಷ ಅಂತಾರಲ್ಲ?

ಸುಣ್ಣದ_ತೊಟ್ಟಿ:
ಮೇಡಂ, ಕೊಯ್ದ ಅಂಚು ನೋಡಿ. ತೊಗಟೆಯದ್ದು ಒಳಗೂ ಕಂದು. ಕ್ರೋಮ್ ಆದರೆ ಎಷ್ಟೋ ಸಲ ನಡುವೆ ನೀಲಿ ಬೂದು ಗೆರೆ ಕಾಣುತ್ತದೆ. ಬಣ್ಣ ಒಳಗಿನ ತನಕ ಇಳಿಸಿದ್ದರೆ ಇದು ಗೊತ್ತಾಗುವುದಿಲ್ಲ. ಆಗ ಒಂದು ಚೂರನ್ನು ನೆನೆಸಿ ಕಬ್ಬಿಣದ ಮೊಳೆ ಮೇಲೆ ಇಟ್ಟುಬಿಡಿ. ತೊಗಟೆಯ ಟ್ಯಾನಿನ್ (ಹದ ಮಾಡುವ ಒಗರು ಅಂಶ) ಕಬ್ಬಿಣಕ್ಕೆ ಸೇರಿ ಕಪ್ಪು ಕಲೆ ಆಗುತ್ತದೆ. ಕ್ರೋಮ್ ಮಾತ್ರ ಹಾಕಿದ್ದರೆ ಹಾಗೆ ಕಪ್ಪಾಗುವುದಿಲ್ಲ. ಎರಡನ್ನೂ ಬೆರೆಸಿ ಹದ ಮಾಡಿದ ಮಾಲೂ ಇರುತ್ತದೆ, ಅಲ್ಲಿ ಅಂಚು, ಮೊಳೆ ಎರಡನ್ನೂ ನೋಡಬೇಕು.

ತೊಗಟೆ ಹದಕ್ಕೆ ತಾಳ್ಮೆ ಬೇಕು. ಅಳಲೆಕಾಯಿ, ವಾಟಲ್ ತೊಗಟೆ, ಓಕ್ ತೊಗಟೆ, ಯಾವುದಾದರೂ ಸರಿ, ಮೊದಲು ತೆಳು ಕಷಾಯ, ಆಮೇಲೆ ಗಟ್ಟಿ. ಆತುರಪಟ್ಟು ಮೊದಲೇ ಗಟ್ಟಿಯದ್ದಕ್ಕೆ ಇಳಿಸಿದರೆ ಹೊರಗಿನ ಪದರ ಬಿಗಿದುಕೊಂಡು ಬಾಗಿಲು ಮುಚ್ಚಿಬಿಡುತ್ತದೆ, ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಅಂಥದ್ದನ್ನು ಕೊಯ್ದರೆ ನಡುವೆ ಬಿಳಿ ಪಟ್ಟಿ ಕಾಣುತ್ತದೆ, ಕೊಳ್ಳಬೇಡಿ. ಗುಂಡಿಯಲ್ಲಿ ಹದ ಮಾಡುವ ದಪ್ಪ ಅಟ್ಟೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಕ್ರೋಮ್ ವಿಷಯ: ಕ್ರೋಮಿಯಂನಲ್ಲಿ ಬೇರೆ ಬೇರೆ ರೂಪಗಳಿವೆ. ಹದಕ್ಕೆ ಬಳಸುವುದು ಮೂರರ ವೇಲೆನ್ಸಿಯದ್ದು. ಅಪಾಯ ಇರುವುದು ಆರರದ್ದು. ಕೆಟ್ಟದಾಗಿ ಮಾಡಿದ ಚರ್ಮದಲ್ಲಿ ಒಂದಿಷ್ಟು ಹಾಗೆ ಬದಲಾಗಬಹುದು. ಯುರೋಪಿಯನ್ ಒಕ್ಕೂಟ 2015ರಿಂದ ಮೈಗೆ ತಾಗುವ ಚರ್ಮದ ವಸ್ತುಗಳಲ್ಲಿ ಆ ಆರರ ಕ್ರೋಮಿಯಂಗೆ ಕಿಲೋಗೆ 3 ಮಿಲಿಗ್ರಾಂ ಮಿತಿ ಇಟ್ಟಿದೆ. ನನಗೆ ಅದಕ್ಕಿಂತ ಕಾರ್ಖಾನೆಯಿಂದ ಹೊರಗೆ ಹೋಗುವ ನೀರಿನದ್ದೇ ಚಿಂತೆ. ತೊಗಟೆ ಹದದವರ ನೀರೂ ಶುದ್ಧ ಏನಲ್ಲ, ಸುಣ್ಣ ಸಲ್ಫೈಡ್ ಇಬ್ಬರಿಗೂ ಇದ್ದದ್ದೇ.

ಯಾಕೆ_ಹೇಗೆ:
ಹಾಗಾದರೆ ಎಣ್ಣೆ ಹಾಕಿ ತಿಕ್ಕುವುದು ಬರೀ ಸುಳ್ಳಾ? ಮತ್ತೆ ಹದವಾಗಿದೆ ಅಂತ ಕೊನೆಗೆ ಹೇಗೆ ಗೊತ್ತಾಗುತ್ತದೆ?

ಸುಣ್ಣದ_ತೊಟ್ಟಿ:
ಪೂರ್ತಿ ಸುಳ್ಳಲ್ಲ. ಹದದ ನಂತರ ನೀರಿನಲ್ಲಿ ಬೆರೆಯುವಂತೆ ಮಾಡಿದ ಎಣ್ಣೆ ಹಾಕಲೇಬೇಕು. ಇಲ್ಲದಿದ್ದರೆ ಒಣಗುವಾಗ ನಾರುಗಳು ಮತ್ತೆ ಒಂದಕ್ಕೊಂದು ಅಂಟುತ್ತವೆ. ಕಾರು ಒರೆಸುವ ಶಾಮಿ ಬಟ್ಟೆ ಅಂತೂ ಮೀನೆಣ್ಣೆಯಲ್ಲೇ ಹದವಾಗುವುದು. ಎಣ್ಣೆ ಗಾಳಿಗೆ ಬದಲಾಗಿ ನಾರಿಗೆ ಬಂಧ ಹಾಕುತ್ತದೆ. ಅಡುಗೆ ಎಣ್ಣೆ ಸವರಿದರೆ ಆ ಕೆಲಸ ಆಗುವುದಿಲ್ಲ.

ಪರೀಕ್ಷೆಗೆ, ಕ್ರೋಮ್ ಹದದ ಒಂದು ಚೂರನ್ನು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಗೆರೆ ಎಳೆಯುವುದು. ಕುದಿಯುವ ನೀರಿಗೆ ಎರಡು ಮೂರು ನಿಮಿಷ ಹಾಕಿ ತೆಗೆದು ಅದೇ ಗೆರೆ ಮೇಲೆ ಇಡುವುದು. ಕೂತರೆ ಪಾಸು. ಹಸಿ ತೊಗಲು 60-65 ಡಿಗ್ರಿ ಸೆಲ್ಸಿಯಸ್‌ಗೇ ಮುದುಡುತ್ತದೆ, ತೊಗಟೆಯದ್ದು 70-85ರ ನಡುವೆ. ನಿಮ್ಮ ಬೆಲ್ಟಿಗೆ ಈ ಪರೀಕ್ಷೆ ಮಾಡಲು ಹೋಗಬೇಡಿ, ತೊಗಟೆ ಹದದ್ದಾದರೆ ಮುದುಡಿದ್ದು ಮತ್ತೆ ನೇರವಾಗುವುದಿಲ್ಲ. ನೆನೆದ ಬೂಟನ್ನು ಒಲೆ, ಹೀಟರ್ ಪಕ್ಕ ಇಟ್ಟು ಒಣಗಿಸುವುದೂ ಬೇಡ. ನೆರಳಲ್ಲಿ ಗಾಳಿಗೆ ಇಡಿ.