ಮಂಗಳೂರಿನಲ್ಲಿ ಡಿಸ್ಚಾರ್ಜ್, ಮನೆ ಗಡಿಯಾಚೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಲ್ಲಿ. ಮುಂದೆ ನೋಡುವವರು ಯಾರು?

ಪೆರ್ಲದವ
ಅಪ್ಪನಿಗೆ ಸ್ಟ್ರೋಕ್ ಆಗಿ ಮಂಗಳೂರಿನ ಒಂದು ನರ್ಸಿಂಗ್ ಹೋಮ್‌ನಲ್ಲಿದ್ದಾರೆ. ಬಲಗಡೆ ಕೈಕಾಲಿಗೆ ಸ್ವಾಧೀನವಿಲ್ಲ, ಮೂಗಿಗೆ ಟ್ಯೂಬು, ಮೂತ್ರಕ್ಕೆ ಕ್ಯಾತಿಟರ್. ಚಿಕಿತ್ಸೆ ಚೆನ್ನಾಗಿಯೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವತ್ತು ರೌಂಡ್ಸ್‌ಗೆ ಬಂದವರು ನಿಂತಲ್ಲೇ "ನಾಳೆ ಕರ್ಕೊಂಡು ಹೋಗಿ" ಅಂದುಬಿಟ್ಟರು. ಕ್ಯಾತಿಟರ್ ಯಾವಾಗ ಬದಲಿಸಬೇಕು ಅಂತ ಕೇಳಿದರೆ ಊರಲ್ಲಿ ತೋರಿಸಿ ಅಂತಾರೆ, ಊರಲ್ಲಿ ಕೇಳಿದರೆ ಹಾಕಿದವರನ್ನೇ ಕೇಳಿ ಅಂತಾರೆ. ಪಂಚಾಯತ್‌ನ ಪಾಲಿಯೇಟಿವ್‌ಗೆ (ಹಾಸಿಗೆ ಹಿಡಿದವರನ್ನು ಮನೆಗೇ ಬಂದು ನೋಡುವವರು) ಫೋನ್ ಮಾಡಿದೆ, ಡಿಸ್ಚಾರ್ಜ್ ಸಮ್ಮರಿ ಬೇಕಂತೆ. ಸಮ್ಮರಿ ಸಿಗುವುದು ಬಿಲ್ ಪೂರ್ತಿ ಕಟ್ಟಿದ ಮೇಲೆ, ಬಿಲ್ ಆಗುವಾಗ ಸಂಜೆ, ಅಷ್ಟೊತ್ತಿಗೆ ಊರಲ್ಲಿ ಎಲ್ಲ ಮುಚ್ಚಿರುತ್ತದೆ, ನಾಳೆ ಬೇರೆ ಶನಿವಾರ. ಅಮ್ಮನಿಗೆ ಕನ್ನಡ, ತುಳು ಬಿಟ್ಟರೆ ಬೇರೆ ಬರುವುದಿಲ್ಲ. ಫಾರಂ ಮಲಯಾಳದಲ್ಲಿ, ಸಮ್ಮರಿ ಇಂಗ್ಲಿಷಿನಲ್ಲಿ. ಭಾನುವಾರ ಟ್ಯೂಬು ಕಿತ್ತುಬಂದರೆ ನಾನು ಯಾರನ್ನು ಕರೆಯಲಿ?

ಬದಿಯಡ್ಕದ ಅಕ್ಕ
ತಮ್ಮಾ, ಟ್ಯೂಬಿನಲ್ಲಿ ಆಹಾರ ಕೊಡುವುದನ್ನು ಅಮ್ಮನ ಕೈಯಲ್ಲೇ ಮಾಡಿಸಿ ತೋರಿಸುವ ತನಕ ಅಲ್ಲಿಂದ ಹೊರಡಬೇಡಿ. ಅತ್ತೆಯನ್ನು ಕರೆತರುವಾಗ ನಾನು ಹಟ ಹಿಡಿದು ಸಿಸ್ಟರ್ ಹತ್ತಿರ ಕಲಿತದ್ದು. ಟ್ಯೂಬಿನ ಮೇಲೆ ಮೂಗಿನ ಹತ್ತಿರ ಒಂದು ಗುರುತು ಹಾಕಿಸಿ. ಆ ಗುರುತು ಸರಿದಿದ್ದರೆ ನೀರನ್ನೂ ಕೊಡಬಾರದು, ನೀವೇ ಒಳಗೆ ತಳ್ಳಲೂಬಾರದು. ಕೊಡುವಾಗ ತಲೆ, ಎದೆ ಎತ್ತರಿಸಿ ಕೂರಿಸಿ, ಕೊಟ್ಟ ಮೇಲೂ ಅರ್ಧ ಗಂಟೆ ಹಾಗೆಯೇ ಇರಲಿ, ಇಲ್ಲದಿದ್ದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಮಾತ್ರೆ ಎಲ್ಲವನ್ನೂ ಪುಡಿ ಮಾಡಬಾರದು, ಯಾವುದು ಆಗುತ್ತದೆ ಅಂತ ಒಂದೊಂದಾಗಿ ಕೇಳಿಕೊಳ್ಳಿ.

ಪಾಲಿಯೇಟಿವ್ ನರ್ಸ್
ನಾನು ನಿಮ್ಮ ಪಂಚಾಯತಿನವಳಲ್ಲ, ಆದರೆ ಇದೇ ಜಿಲ್ಲೆಯಲ್ಲಿ ಕೆಲಸ. ಕೇರಳದಲ್ಲಿ 2008ರಿಂದಲೇ ಪಾಲಿಯೇಟಿವ್ ನೀತಿ ಇದೆ, ಪಂಚಾಯತ್ ಮಟ್ಟದಲ್ಲಿ ಮನೆಗೆ ಬಂದು ನೋಡುವ ವ್ಯವಸ್ಥೆಯೂ ಇದೆ, ಕ್ಯಾತಿಟರ್, ಟ್ಯೂಬು, ಹುಣ್ಣು ಎಲ್ಲ ನಾವು ನೋಡುತ್ತೇವೆ. ನಮಗೆ ಬೇಜಾರಾಗುವುದು ಎಲ್ಲಿ ಅಂದರೆ, ರೋಗಿ ಮನೆಗೆ ಬಂದ ಸುದ್ದಿ ಎಷ್ಟೋ ಸಲ ನಮಗೆ ಮುಟ್ಟುವುದು ಬೆನ್ನಲ್ಲಿ ಹುಣ್ಣಾದ ಮೇಲೆ! ಸಮ್ಮರಿ ತೆರೆದರೆ ಸ್ಕ್ಯಾನ್ ರಿಪೋರ್ಟ್ ಪುಟಗಟ್ಟಲೆ ಇರುತ್ತದೆ, ಕ್ಯಾತಿಟರ್ ಹಾಕಿದ ತಾರೀಕು ಮಾತ್ರ ಇರುವುದಿಲ್ಲ. ಬಿಲ್‌ಗೆ ಕಾಯಬೇಡಿ. ಡ್ಯೂಟಿ ಡಾಕ್ಟರ ಹತ್ತಿರ ಈಗಲೇ ಲೆಟರ್‌ಹೆಡ್‌ನಲ್ಲಿ ಒಂದು ಚೀಟಿ ಕೇಳಿ: ಕ್ಯಾತಿಟರ್ ಮತ್ತು ಟ್ಯೂಬು ಹಾಕಿದ ದಿನ, ಅವುಗಳ ಸೈಜು, ಸೊಂಟದ ಕೆಳಗೆ ಚರ್ಮ ಕೆಂಪಾಗಿದೆಯೇ, ಈಗ ಕೊಡುತ್ತಿರುವ ಮದ್ದು. ಅದರ ಫೋಟೋ ಆಶಾ ಕಾರ್ಯಕರ್ತೆಗೂ ವಾರ್ಡ್ ಮೆಂಬರಿಗೂ ಇವತ್ತೇ ಕಳಿಸಿ. ಭಾನುವಾರ ಟ್ಯೂಬು ಬಂದುಬಿಟ್ಟರೆ ಬಾಯಿಗೆ ಏನೂ ಹಾಕದೆ ಹತ್ತಿರದ ಆಸ್ಪತ್ರೆಯ ಕ್ಯಾಶುವಾಲಿಟಿಗೆ ಹೋಗಿ.

ವಾರ್ಡಿನವಳು
ನಾನು ಮಂಗಳೂರಿನ ಆಸ್ಪತ್ರೆಯೊಂದರ ವಾರ್ಡಿನಲ್ಲಿ ಕೆಲಸ ಮಾಡುವವಳು, ನಮ್ಮ ಕಡೆಯಿಂದ ಒಂದು ಮಾತು. ಊರಿನವರಿಗೆ ಫೋನ್ ಮಾಡಿ ರೋಗಿಯನ್ನು ಒಪ್ಪಿಸಬೇಕು ಅಂತ ನಮಗೂ ಇರುತ್ತದೆ. ಆದರೆ ಯಾರಿಗೆ ಮಾಡುವುದು? ಬಂಟ್ವಾಳದ ರೋಗಿಯಾದರೆ ಯಾವ ಸರಕಾರಿ ಆಸ್ಪತ್ರೆ, ಅಲ್ಲಿ ಯಾರಿದ್ದಾರೆ ಅಂತ ಗೊತ್ತು. ತಲಪಾಡಿ ದಾಟಿದರೆ ನಮ್ಮ ಹತ್ತಿರ ಒಂದು ನಂಬರೂ ಇಲ್ಲ, ಕೇಳಿದರೆ ಅದು ಬೇರೆ ರಾಜ್ಯ ಅನ್ನುತ್ತಾರೆ. 2020ರ ಮಾರ್ಚ್‌ನಲ್ಲಿ ಗಡಿ ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಮಂಗಳೂರಿಗೆ ಬರುವುದು ಹೇಗೆ ಅಂತ ಕೋರ್ಟಿನವರೆಗೆ ಮಾತಾಯಿತು, ಆಗಲೇಬೇಕಿತ್ತು. ವಾಪಸ್ ಹೋದ ಮೇಲೆ ಅವರನ್ನು ಯಾರು ನೋಡುತ್ತಾರೆ ಅಂತ ಆಗಲೂ ಕೇಳಿದವರಿಲ್ಲ, ಈಗಲೂ ಇಲ್ಲ. ಪಂಚಾಯತ್‌ವಾರು ನಂಬರಿನ ಒಂದು ಹಾಳೆ ಕೊಟ್ಟರೆ ಸಾಕು, ನರ್ಸಿಂಗ್ ಸ್ಟೇಷನ್ನಿನ ಗೋಡೆಗೆ ನಾನೇ ಅಂಟಿಸುತ್ತೇನೆ.

ಪೆರ್ಲದವ
ಚೀಟಿ ಸಿಕ್ಕಿತು, ಸಿಸ್ಟರ್ ಅಮ್ಮನ ಕೈಯಲ್ಲೇ ಮಾಡಿಸಿದರು. ಆಶಾ ಅಕ್ಕ ಸೋಮವಾರ ನರ್ಸ್ ಜತೆ ಬರುತ್ತಾರಂತೆ. ಬೆನ್ನಿಗೆ ಹುಣ್ಣಾಗದಂತೆ ಹಾಸುವ ಏರ್ ಬೆಡ್ ಪಾಲಿಯೇಟಿವ್‌ನವರ ಹತ್ತಿರ ಸಿಗುತ್ತದಾ?

ಪಾಲಿಯೇಟಿವ್ ನರ್ಸ್
ಖಾಲಿ ಇದ್ದರೆ ಕೊಡುತ್ತಾರೆ, ಕೇಳಿ ನೋಡಿ. ಬೆಡ್ ಬಂದರೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲೇಬೇಕು, ರಾತ್ರಿ ಸಹ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಆಶ್ವಾಸಕಿರಣಂ ಅಂತ ತಿಂಗಳಿಗೆ 600 ರೂಪಾಯಿಯ ಯೋಜನೆ ಇದೆ, ದುಡ್ಡು ಬರುವುದು ತಡ, ಆದರೂ ಹೊಸ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಅಂತ ಕೇಳಿಕೊಂಡು ಅಮ್ಮನ ಹೆಸರಲ್ಲಿ ಹಾಕಿಡಿ.